ಸುಳ್ಳು ಹೇಳುವ ಡಬ್ಬಿ

ಸಿದ್ಧಕಟ್ಟೆಯ ಏರಿನಲ್ಲಿ ನನ್ನ ಕಾರು ಹಾರಲು ಹೊರಟಾಗಲೆಲ್ಲ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತಾಗುತ್ತಿತ್ತು. ಒಂದು ಕ್ಷಣ ಪೆಟ್ರೋಲೇ ಬಂದ್! ಮುಗ್ಗರಿಸಿ, ಚೇತರಿಸಿಕೊಂಡು ಮತ್ತೆ ಓಡುತ್ತಿತ್ತು.

ತಪ್ಪು ಕಾರಿನದಲ್ಲ. ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು. ಎಂಜಿನ್ನಿಗೆ ಗಾಳಿ ತುಂಬುವ ಆ ಟರ್ಬೊದ ಒತ್ತಡವನ್ನು ನಾನೇ ಸ್ವಲ್ಪ ಏರಿಸಿಕೊಂಡಿದ್ದೆ. (ಮನೆಯಲ್ಲಿ ಗೊತ್ತಿಲ್ಲ. ನೀವೂ ಹೇಳಬೇಡಿ.) ಗಾಳಿ ಮಿತಿ ಮೀರಿ ನುಗ್ಗಿದರೆ ಎಂಜಿನ್ ಹಾಳಾದೀತೆಂದು ಕಾರಿನ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ಒಳ್ಳೆಯ ಬುದ್ಧಿಯೇ. ಆದರೆ ಐವತ್ತೆರಡರ ಪ್ರಾಯದಲ್ಲಿ ಹಾರುವ ಕನಸು ಕಾಣುವವನಿಗೆ ಒಳ್ಳೆಯ ಬುದ್ಧಿ ಎಲ್ಲಿ ರುಚಿಸುತ್ತದೆ?

ಬಂಟ್ವಾಳ ಪೇಟೆಯ ಹಮೀದಾಕರ ಬಳಿ ಹೋದೆ. ಟಿವಿ ರಿಪೇರಿಯವರು; ಗಲ್ಫಿನಲ್ಲಿ ಬಹಳ ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು.

"ಎಷ್ಟು ಒತ್ತಡ ಉಂಟು ಅಂತ ಸೆನ್ಸರ್ ಕಂಪ್ಯೂಟರಿಗೆ ಹೇಳ್ತದೆ. ನಡುವೆ ನಮ್ಮದೊಂದು ಡಬ್ಬಿ ಇಡುವ," ಅಂದರು. "ಒತ್ತಡ ಎಷ್ಟು ಏರಿದರೂ ಡಬ್ಬಿ ಮಿತಿಯೊಳಗಿನ ಲೆಕ್ಕವನ್ನೇ ಹೇಳ್ತದೆ. ಪೆಟ್ರೋಲ್ ನಿಲ್ಲುವುದಿಲ್ಲ."

ಮೂರು ಭಾನುವಾರ ಅವರ ಅಂಗಡಿಯ ಸ್ಟೂಲಿನಲ್ಲಿ ಕೂತೆ. ಹಳೇ ಮೊಬೈಲ್ ಚಾರ್ಜರಿನ ಖಾಲಿ ಡಬ್ಬಿಯೊಳಗೆ ಒಂದು ಐಸಿ, ಎರಡು ಡಯೋಡ್. ಸೋಲ್ಡರಿನ ಹೊಗೆ ಮೆಲ್ಲಗೆ ಮೇಲೇಳುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಮೂಡುಬಿದಿರೆ ತಲುಪಿರುತ್ತಿದ್ದೆ. ನಡುವಿನ ಏರುಗಳೆಲ್ಲ ಕರಗಿಹೋಗಿ, ಚಕ್ರಕ್ಕೆ ನೆಲವೇ ತಾಗದೆ.

"ಒಂದು ಮೀಟರ್ ಕೂಡ ಹಾಕ್ಬೇಕು," ಅಂದರು ಹಮೀದಾಕ. "ನಿಜವಾದ ಒತ್ತಡ ನಿಮಗೆ ಕಾಣ್ಬೇಕು. ಕಂಪ್ಯೂಟರಿಗೆ ಸುಳ್ಳು ಹೇಳಿದ್ದು ಸಾಕು. ನಿಮಗೂ ಸುಳ್ಳು ಹೇಳಿದರೆ ಎಂಜಿನ್ ಹೋಯ್ತು."

"ಮೀಟರ್ ಬರುವ ವಾರ ಹಾಕುವ, ಹಮೀದಾಕ."

ಅವರು ಕೆಲಸ ನಿಲ್ಲಿಸಿದರು. "ನಾನು ಗಲ್ಫಿನಲ್ಲಿರುವಾಗ ಪ್ರತಿ ಶುಕ್ರವಾರ ಮನೆಗೆ ಫೋನ್ ಮಾಡ್ತಿದ್ದೆ. ಎದೆನೋವು ಶುರುವಾದ ಮೇಲೂ 'ಆರಾಮ ಉಂಟು' ಅಂತಲೇ ಹೇಳ್ತಿದ್ದೆ. ಎಂಟು ತಿಂಗಳು, ಮಾರಾಯ್ರೆ! ಕಡೆಗೆ ಆಸ್ಪತ್ರೆಯಿಂದ ಬೇರೆ ಯಾರೋ ಫೋನ್ ಮಾಡಿದ್ರು. ಫೋನ್ ರಿಂಗಾದ್ರೆ ನನ್ನ ಹೆಂಡತಿ ಈಗಲೂ ಹೆದರ್ತಾಳೆ."

ನನಗೆ ಪಾಪ ಅನಿಸಿತು. ನಿಜವಾಗಿಯೂ ಅನಿಸಿತು. ಆದರೂ ಡಬ್ಬಿಯನ್ನಷ್ಟೇ ಹಾಕಿಸಿಕೊಂಡು ಮೀಟರಿಲ್ಲದೆಯೇ ಹೊರಟೆ. (ಕನಸುಗಾರರಿಗೆ ಕಿವಿ ಇರುವುದು ಅಲಂಕಾರಕ್ಕೆ.)

ಏರು ಬಂತು. ಆಕ್ಸಿಲರೇಟರ್ ಒತ್ತಿದೆ. ಅಂಗಿ ಹಿಡಿಯುವ ಕೈ ಇರಲಿಲ್ಲ! ಸಂಜೆಯ ಬಿಸಿಲು ಗಾಜಿನ ಮೇಲೆ ಹರಿಯಿತು. ರಬ್ಬರ್ ಮರಗಳು ಸಾಲಾಗಿ ಹಿಂದೆ ಸರಿದವು. ಟರ್ಬೊದ ಸಣ್ಣ ಸಿಳ್ಳೆ ಬೇರೆ ಯಾವುದೋ ಊರಿನಿಂದ ಕೇಳಿದಂತಿತ್ತು. ನಾನು ಹೋಗುತ್ತಲೇ ಇರಲಿಲ್ಲ, ರಸ್ತೆಯೇ ನನ್ನ ಕಡೆ ಬರುತ್ತಿತ್ತು. ಪ್ರಾಯ, ಬಿಪಿ ಮಾತ್ರೆ, ಸೋಮವಾರ, ಒಂದೂ ನೆನಪಿಲ್ಲ. ಇಂಥ ಎರಡು ನಿಮಿಷಕ್ಕೆ ಮನುಷ್ಯ ಏನು ತಾನೇ ಕೊಡುವುದಿಲ್ಲ?

ಆಮೇಲೆ ಬಾನೆಟ್ಟಿನೊಳಗೆ ಟಕಟಕ. ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಹಿಂದೆಯೇ ಸುಟ್ಟ ವಾಸನೆ. ಕಂಪ್ಯೂಟರ್ ಮಾತ್ರ ತಣ್ಣಗೆ ಕೂತಿತ್ತು. ಪಾಪ, ಅದಕ್ಕೆ ಯಾರೂ ನಿಜ ಹೇಳಿರಲಿಲ್ಲ.

ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಅಷ್ಟರಲ್ಲಿ ಹಮೀದಾಕರ ಫೋನ್.

"ಹೇಗುಂಟು?"

"ಆರಾಮ ಉಂಟು," ಅಂದೆ.

ಆ ಕಡೆ ಅಂಗಡಿಯ ಟಿವಿಯ ಸದ್ದು ನಿಂತಿತು.

"ಗಾಡಿ ಎಲ್ಲಿ ನಿಂತದ್ದು, ಅದು ಹೇಳಿ."