ಸೋಲ್‌ಫ್ರಿಡ್ ತಡೆದ ವಸೂಲಿ

ಗಂಡ ಹೆಂಡತಿ ಬೇರೆಯಾದಾಗ ಮಗಳು ವಿಗ್ದಿಸ್ ಅಪ್ಪನ ಮನೆಯಲ್ಲೇ ಉಳಿದಳು. ಅಪ್ಪ ಟೋರ್‌ಗೇರ್ ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ಸಂಜೆಗೆ ಮನೆಯಲ್ಲಿರುವವನು. ಅಮ್ಮ ಸೋಲ್‌ಫ್ರಿಡ್ ಸ್ವಂತ ದೋಣಿಯಲ್ಲಿ ಮೀನು ಹಿಡಿಯಲು ಕಡಲಿಗಿಳಿಯುವವಳು. ಆಂಡೊಯ ದ್ವೀಪದಲ್ಲಿ ಹೆಂಗಸು ದೋಣಿ ನಡೆಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮಗುವಿನ ಖರ್ಚಿಗೆ ತಾಯಿಯೇ ಜೀವನಾಂಶ ಕಟ್ಟುವುದೆಂದರೆ ಊರಿನ ನಾಲಿಗೆಗೆ ಇನ್ನೂ ತುರಿಕೆ. ಸೋಲ್‌ಫ್ರಿಡ್ ಒಂದು ಕಂತನ್ನೂ ತಪ್ಪಿಸಿದವಳಲ್ಲ.

ತನ್ನ ತಂದೆ ತೀರಿಕೊಂಡ ವರ್ಷ ಅವಳು ಅವರ ಹಳೆಯ ದೋಣಿ ಮಾರಿ, ಬಂದದ್ದನ್ನೆಲ್ಲ ಹೊಸ ದೋಣಿಗೆ ಸುರಿದಳು. ಜೀವನಾಂಶ ನಿಗದಿ ಮಾಡುವ ಕಚೇರಿ ಆ ಹಣವನ್ನೂ ಅವಳ ದುಡಿಮೆಯೆಂದೇ ಹಿಡಿಯಿತು. ಕಟ್ಟಬೇಕಾದದ್ದು ಒಮ್ಮೆಗೇ ಎರಡರಷ್ಟಾಯಿತು. ಇದು ತಪ್ಪು ಎಂದು ಅವಳು ಮೇಲ್ಮನವಿ ಹಾಕಿದಳು. ಅದು ತೀರ್ಮಾನವಾಗುವ ಮೊದಲೇ, ಇವಳ ಮೀನಿನ ಹಣದಲ್ಲಿ ಮುರಿದುಕೊಂಡು ಕಳಿಸಿ ಎಂದು ಮೀನು ಕೊಳ್ಳುವವರಿಗೆ ಆದೇಶ ಹೋಯಿತು. ಕಾಡ್ ಮೀನಿನ ಸುಗ್ಗಿ ಬಾಗಿಲಲ್ಲಿ ನಿಂತಿತ್ತು. ಎಣ್ಣೆಗೆ, ಗಾಳದ ಎರೆಗೆ ಕೈಯಲ್ಲಿ ಕಾಸಿಲ್ಲದಿದ್ದರೆ ದೋಣಿ ದಡದಲ್ಲೇ ಕೊಳೆಯಬೇಕು.

ಬೇಕರಿಯಲ್ಲಿ ಅವಳ ಬೆನ್ನ ಹಿಂದೆ ಯಾರೋ, "ಹೆತ್ತ ಮಗಳಿಗೆ ಕೊಡೋಕೂ ಕೈ ಬರಲ್ವಂತೆ" ಅಂದರು. ಸೋಲ್‌ಫ್ರಿಡ್ ತಿರುಗಿ ನೋಡಲಿಲ್ಲ. ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೇರವಾಗಿ ಬಸ್ಸು ಹತ್ತಿ ಕಚೇರಿಗೆ ಹೋದಳು.

ಅಲ್ಲಿದ್ದ ಗುನ್‌ವೋರ್ ಎಂಬ ಅಧಿಕಾರಿ ಪೂರ್ತಿ ಕೇಳಿಸಿಕೊಂಡಳು. "ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲಲ್ಲ. ನಿಲ್ಸಿ ಅಂತ ಬೇರೆ ಕೇಳ್ಕೋಬೇಕು. ಮಗುವಿನ ತಂದೇನೂ ವಿಚಾರಿಸ್ತೀವಿ. ಕೊನೆಗೆ ನೀವು ಸೋತ್ರೆ ಬಾಕಿಯೆಲ್ಲ ಒಟ್ಟಿಗೇ ಬೀಳತ್ತೆ, ಯೋಚನೆ ಮಾಡಿ."

"ಕಟ್ಟಲ್ಲ ಅಂತ ನಾನೆಲ್ಲಿ ಅಂದೆ? ಮೊದಲಿನಷ್ಟು ಈಗ್ಲೂ ಕಟ್ತೀನಿ. ತಕರಾರಿರೋದು ಹೆಚ್ಚಿಗೆ ಹಾಕಿರೋದ್ರ ಮೇಲೆ. ಅದು ತೀರ್ಮಾನ ಆಗೋವರೆಗೂ ಅದೊಂದನ್ನ ಮುಟ್ಟಬೇಡಿ."

ಗುನ್‌ವೋರ್ ತಲೆಯಾಡಿಸಿ ಅರ್ಜಿ ಬರೆದುಕೊಂಡಳು. ಇನ್ನು ಉಳಿದದ್ದು ಟೋರ್‌ಗೇರ್‌ನ ಮಾತು. ಸೋಲ್‌ಫ್ರಿಡ್‌ಗೆ ಅಳುಕಿದ್ದದ್ದೂ ಅಲ್ಲೇ. ಮಗಳ ಊಟ, ಶಾಲೆ ಬಿಟ್ಟರೆ ಅವರಿಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

ಒಂದು ಮಧ್ಯಾಹ್ನ ಅವನೇ ಬಂದರಿಗೆ ಬಂದ. ದೋಣಿಯ ಪಕ್ಕ ನಿಂತು, "ಕಚೇರಿಯವ್ರು ಫೋನ್ ಮಾಡಿದ್ರು" ಅಂದ.

"ಏನಂದೆ?" ಅವಳು ಹಗ್ಗದಿಂದ ಕಣ್ಣೆತ್ತಲಿಲ್ಲ.

"ಬರೋ ದುಡ್ಡು ಬೇಡ ಅನ್ನೋಕೆ ನಾನೇನು ಸನ್ಯಾಸಿನಾ? ಆದ್ರೆ ನಿಮ್ಮಪ್ಪನ ದೋಣಿ ಮಾರಿದ್ದು ಸಂಬಳ ಅಲ್ಲ. ಅದನ್ನೇ ಹೇಳ್ದೆ. ನಿನ್ನ ದೋಣಿ ದಡದಲ್ಲಿ ಕೂತ್ರೆ ನನ್ನ ಮಗಳಿಗೆ ಸಿಗೋದು ಸೊನ್ನೆ ಅಂತಾನೂ ಹೇಳ್ದೆ." ಜೊತೆಗೇ ಸೇರಿಸಿದ, "ನನ್ನ ಮೇಲಿನ ಸಿಟ್ಟು ಬೇಕಾದ್ರೆ ಹಾಗೇ ಇಟ್ಕೋ."

"ಅದೆಲ್ಲೂ ಹೋಗಿಲ್ಲ" ಅಂದಳು. ಆದರೆ ಹಾಗೆನ್ನುವಾಗ ಅವಳಿಗೇ ನಗು ಬಂದುಬಿಟ್ಟಿತು.

ಹೆಚ್ಚುವರಿ ವಸೂಲಿಗೆ ತಡೆ ಸಿಕ್ಕಿತು. ಮೀನಿನ ಹಣ ಮತ್ತೆ ಅವಳ ಕೈಗೆ ಬರತೊಡಗಿತು. ಅದರಲ್ಲಿ ಮೊದಲಿನ ಮೊತ್ತವನ್ನು ಮಗಳಿಗೆ ಕಟ್ಟಿ, ಎಣ್ಣೆ ತುಂಬಿಸಿ, ಅವಳು ಕಡಲಿಗಿಳಿದಳು. ಆ ಸುಗ್ಗಿಯಲ್ಲಿ ಗಾಳಿ ಕಾಡಿತು, ಮೀನು ಮಾತ್ರ ಮೋಸ ಮಾಡಲಿಲ್ಲ. ಗಾಳ ಎಳೆದೆಳೆದು ತೋಳು ಮರಗಟ್ಟುತ್ತಿತ್ತು, ದೋಣಿ ಅಂಚಿನವರೆಗೂ ತುಂಬುತ್ತಿತ್ತು.

ಈಸ್ಟರ್ ಹತ್ತಿರವಾದಾಗ ನಡುಗಡಲಿನಲ್ಲಿ ಫೋನ್ ಬಂತು. ಗುನ್‌ವೋರ್ ಮಾತಾಡಿದಳು: ಮೇಲ್ಮನವಿ ಗೆದ್ದಿದೆ, ದೋಣಿಯ ಹಣ ಲೆಕ್ಕದಿಂದ ಹೊರಗೆ ಹೋಗಿದೆ, ಮುರಿದುಕೊಂಡಿದ್ದ ಹೆಚ್ಚಿನದು ವಾಪಸು ಬರುತ್ತದೆ. ಸೋಲ್‌ಫ್ರಿಡ್ ಫೋನಿಟ್ಟವಳೇ ರಾಷ್ಟ್ರೀಯ ದಿನಕ್ಕೆಂದು ಮಡಿಸಿಟ್ಟಿದ್ದ ಬಾವುಟವನ್ನು ತೆಗೆದು ಕಂಬಕ್ಕೇರಿಸಿದಳು. ಬಂದರು ಕಣ್ಣಿಗೆ ಬೀಳುತ್ತಲೇ ದೋಣಿಯ ಹಾರ್ನ್ ಒತ್ತಿದಳು, ಕೈ ತೆಗೆಯಲೇ ಇಲ್ಲ. ಏನು ಎತ್ತ ಎಂದು ತಿಳಿಯದಿದ್ದರೂ ಒಳಗೆ ಕಟ್ಟಿದ್ದ ದೋಣಿಗಳು ಒಂದೊಂದಾಗಿ ಹಾರ್ನ್ ಊದಿ ಉತ್ತರ ಕೊಟ್ಟವು. ಆ ಗದ್ದಲಕ್ಕೆ ವಿಗ್ದಿಸ್ ಶಾಲೆಯ ಚೀಲ ಹೊತ್ತುಕೊಂಡೇ ಬಂದರಿನ ಕಟ್ಟೆಯುದ್ದಕ್ಕೂ ಓಡಿಬಂದಳು.