ಎದುರು ಬಸವಣ್ಣನ ತನಕ

ದಾರಿಯಲ್ಲಿ ಕಾರು ಕೆಡಬಹುದಿತ್ತು. ಬುತ್ತಿಯ ಮೊಸರನ್ನ ಹಳಸಬಹುದಿತ್ತು. ಬಿಸಿಲಿಗೆ ನನ್ನ ತಲೆ ತಿರುಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಕನ ಮೊಣಕಾಲು ಹಂಪಿಯ ಬಜಾರಿನ ನಟ್ಟನಡುವೆ ಕೈಕೊಡಬಹುದಿತ್ತು. ಆಗ ಅವಳನ್ನು ಹೊರಬೇಕಾದವನು ನಾನು, ನನ್ನ ಸೊಂಟದ ಕಥೆ ಬೇರೆಯೇ. ಇದನ್ನೆಲ್ಲ ನೆನೆನೆನೆದು ಹೊರಡುವ ಮೊದಲೇ ಪ್ರವಾಸ ಮುಗಿಸಿ ಬಂದವನಷ್ಟು ದಣಿದಿದ್ದೆ.

ಅಕ್ಕನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ. ಬಿದ್ದು ಮೊಣಕಾಲಿಗೆ ಪೆಟ್ಟಾದಾಗಿನಿಂದ ಮನೆ ಹಿಡಿದಿದ್ದಳು. "ರಾಜರ ಕಾಲದ ಪ್ಯಾಟಿ ಈ ತುದಿಯಿಂದ ಆ ತುದಿಗೆ ನಡದು ನೋಡ್ತೇನಿ. ಅಷ್ಟು ನಡದ್ರ ಮರುದಿನಾನ ಅಂಗಡಿಗೆ ಹೋಗ್ತೇನಿ. ಇಲ್ಲಾಂದ್ರ ಕೀಲಿ ಮಗನ ಕೈಯಾಗ ಕೊಟ್ಟು ಸುಮ್ಮ ಕುಂದ್ರತೇನಿ" ಅಂದಿದ್ದಳು.

ಹಾವೇರಿಯಿಂದ ಹೊರಟೆ, ಬ್ಯಾಡಗಿಯಲ್ಲಿ ಅವಳನ್ನು ಹತ್ತಿಸಿಕೊಂಡೆ, ರಾಣೆಬೆನ್ನೂರಿನಲ್ಲಿ ಚಹಾ ಕುಡಿದೆವು. ಕಮಲಾಪುರ ದಾಟಿ ಅರಮನೆಯ ಪಾಯಗಳನ್ನು ನೋಡಿ ಮುಂದೆ ಹೊರಟಾಗ ಅಕ್ಕ ಕಿಟಕಿಗೆ ಮುಖ ಹಚ್ಚಿದಳು.

"ಊರ ಎಲ್ಲೈತೋ ತಮ್ಮಾ? ಅರಮನಿ ಅಲ್ಲೆ, ಗುಡಿ ಎಲ್ಲೋ ಮುಂದ, ನಡುವ ಬರೇ ಬಾಳಿ ತ್ವಾಟ."

ಓದಿಕೊಂಡು ಬಂದದ್ದನ್ನು ಒಪ್ಪಿಸಿದೆ. ಮೊದಲು ಹೊಳೆದಂಡೆಯ ಗುಡಿಗಳು. ಆಮೇಲೆ ದೂರದಲ್ಲಿ ಅರಮನೆ, ನಡುವೆ ಕಾಲುವೆ ತಂದು ಹೊಲಗದ್ದೆ. ಮುಂದೆ ಹೊಸ ಗುಡಿ ಎದ್ದಲ್ಲೆಲ್ಲ ಅದರೆದುರು ಒಂದು ಬಜಾರು, ಸುತ್ತ ಒಂದು ಪುರ. ಹೊಸಪೇಟೆಯೂ ಆ ರಾಜರ ಕಾಲದಲ್ಲೇ ಹುಟ್ಟಿದ್ದು.

"ನಮ್ಮ ಜಿಲ್ಲಾದಂಗನ ಆತು ಬಿಡು. ಕಚೇರಿ ನಿಮ್ಮ ಹಾವೇರ್ಯಾಗ, ದೊಡ್ಡ ಪ್ಯಾಟಿ ರಾಣೆಬೆನ್ನೂರಾಗ, ಮೆಣಸಿನಕಾಯಿ ನಮ್ಮಲ್ಲೆ. ಎಲ್ಲಾರೂ ನಮ್ಮೂರ ದೊಡ್ಡದು ಅಂತಾರ."

ವಿರೂಪಾಕ್ಷನ ಗುಡಿಯ ಮುಂದಿನಿಂದ ನಡೆಯತೊಡಗಿದೆವು. ಬಜಾರಿನ ಆ ತುದಿಗೆ, ಗುಡಿಯತ್ತ ಮುಖಮಾಡಿ ಕೂತ ದೊಡ್ಡ ಕಲ್ಲಿನ ನಂದಿ, ಎದುರು ಬಸವಣ್ಣ. ನನ್ನ ಹೆಗಲ ಚೀಲದಲ್ಲಿ ನೋವಿನ ಎಣ್ಣೆ, ಗುಳಿಗೆ, ಕಾಲಿಗೆ ಸುತ್ತುವ ಪಟ್ಟಿ. ಕೈಯಲ್ಲಿ ಅವಳು ಮುಟ್ಟಲೊಲ್ಲದ ಊರುಗೋಲು. ಸಾಲು ಕಂಬದ ಮಂಟಪಗಳನ್ನು ಅವಳು ಬಾಡಿಗೆಗೆ ಹಿಡಿಯುವವಳ ಹಾಗೆ ನೋಡುತ್ತಿದ್ದಳು. "ಒಳಗ ಮೆಣಸಿನಕಾಯಿ ಚೀಲ ಒಟ್ಟಾಕ ಜಾಗಾನ ಇಲ್ಲಲ್ಲೋ!"

ಅರ್ಧ ದಾರಿಯಲ್ಲಿ ನಾನು ಗಕ್ಕನೆ ನಿಂತೆ.

"ಯಾಕ? ಸೊಂಟ ಹಿಡೀತೇನು?"

"ಚಪ್ಪಲಿ ಪಟ್ಟಿ ಕಿತ್ತು ಬಂತು."

ಅಕ್ಕ ನಕ್ಕಳು. "ಆ ನೆರಳಾಗ ಕುಂದ್ರು. ಕೋಲೂ ನಿನ್ನ ಹಂತ್ಯಾಕ ಇರ್ಲಿ."

ಮಂಟಪದ ಕಟ್ಟೆಯ ಮೇಲೆ ಕುಳಿತು, ಸಣ್ಣದಾಗುತ್ತ ಹೋದ ಅವಳ ಸೀರೆಯನ್ನೇ ನೋಡಿದೆ. ಎರಡು ಸಲ ನಿಂತಳು. ಎರಡು ಸಲವೂ ನಾನು ಕೋಲು ಹಿಡಿದು ಅರ್ಧ ಎದ್ದು ಕೂತೆ. ಕೊನೆಗೆ ಕುಂಟುತ್ತಲೇ, ಬೆವರೊರೆಸಿಕೊಳ್ಳುತ್ತ ವಾಪಸು ಬಂದಳು.

"ಬಸವಣ್ಣಗ ಕೈ ಮುಗದು ಬಂದೆ. ಏಳು, ಲಗೂ ಹೋಗೂಣು. ನಾಳೆ ಅಂಗಡಿ ತಗೀಬೇಕು."

ಕಾದ ನೆಲದ ಮೇಲೆ ಬರಿಗಾಲಿಟ್ಟು, ಊರುಗೋಲು ಊರಿಕೊಂಡು ಅವಳ ಹಿಂದೆ ಹೊರಟೆ. ಅವಳ ಕಾಲಿಗೆ ಬೇಕಾದದ್ದೆಲ್ಲ ನನ್ನ ಚೀಲದಲ್ಲಿತ್ತು. ಇನ್ನೊಂದು ಜೊತೆ ಚಪ್ಪಲಿ ಇರಲಿಲ್ಲ.