ಟಣ್ ಎಂದಿತು, ಗಿರಿಜಕ್ಕ ಬರಲಿಲ್ಲ

ಕಳೆದ ವರ್ಷದ ಬೇಸಿಗೆ. ಶಿವರಾತ್ರಿ ಮುಗಿದು ವಿಜಯನಗರದ ರಸ್ತೆಗಳಲ್ಲಿ ಕಲ್ಲಂಗಡಿ ಗಾಡಿಗಳು ನಿಲ್ಲುವ ಹೊತ್ತಿಗೆ ಸರಿಯಾಗಿ, ನಮ್ಮ ಬಡಾವಣೆಗೆ ನೀರು ಬಿಡುತ್ತಿದ್ದ ನಂಜುಂಡಣ್ಣ ನಿವೃತ್ತರಾದರು.

ಅವರದೊಂದು ಪದ್ಧತಿಯಿತ್ತು. ವಾಲ್ವು ತಿರುಗಿಸಿದ ಮೇಲೆ ಅದೇ ಕಬ್ಬಿಣದ ಸಲಾಕೆ ಹಿಡಿದು ಮೂರನೇ ಕ್ರಾಸಿನ ಉದ್ದಕ್ಕೂ ನಡೆದು, ಒಂದೊಂದು ಗೇಟಿಗೂ ಟಣ್ ಎಂದು ಏಟು ಕೊಡುವುದು. ಆ ಕ್ರಾಸಿನ ಹಳೇ ಮನೆಗಳಿಗೆ ಸಂಪು ಇಲ್ಲ. ಟಣ್ ಕೇಳಿದ ಕೂಡಲೇ ಗೇಟಿನ ಪಕ್ಕದ ನಲ್ಲಿಗೆ ಪೈಪು ಸಿಕ್ಕಿಸಿ ಡ್ರಮ್ಮು ತುಂಬಿಕೊಳ್ಳಬೇಕು. ಅವರ ಜಾಗಕ್ಕೆ ಬಂದ ಹುಡುಗನಿಗೆ ಇನ್ನೂ ಎರಡು ಬಡಾವಣೆಗಳ ಹೊಣೆ. ಬೈಕಿನಲ್ಲಿ ಬರುತ್ತಾನೆ, ತಿರುಗಿಸುತ್ತಾನೆ, ಹೋಗುತ್ತಾನೆ. ಗೇಟುಗಳ ಜೊತೆ ಅವನಿಗೆ ಯಾವ ಸಂಬಂಧವೂ ಇಲ್ಲ.

ಆದ್ದರಿಂದ ನಿವಾಸಿಗಳ ಸಂಘದ ತುರ್ತು ಸಭೆ ಸೇರಿ, ಚಹಾ ಬಿಸ್ಕತ್ತಿನ ನಂತರ, ಈ ರಾಷ್ಟ್ರೀಯ ಸಮಸ್ಯೆಯನ್ನು ನನ್ನ ತಲೆಗೆ ಕಟ್ಟಿತು. ಕಾರಣ, ನಾನು ಮನೆಯಿಂದಲೇ ಒಂದು ಕಂಪನಿಗೆ ಪ್ರೋಗ್ರಾಂ ಬರೆಯುವವಳು. ಸಂಘದ ಆ್ಯಪ್ ಮಾಡಿದ ಪಾಪವೂ ನನ್ನದೇ. ಅಧ್ಯಕ್ಷರಾದ ರುದ್ರಪ್ಪನವರು, ಕಂದಾಯ ಇಲಾಖೆಯಿಂದ ನಿವೃತ್ತರಾದವರು, ಅಪ್ಪಣೆ ಕೊಡಿಸಿದರು: “ಆ್ಯಪಲ್ಲಿ ಒಂದು ಟಣ್ ಅನ್ನೋದು ಸೇರಿಸಿಬಿಡಿ ಮೇಡಂ. ಎಷ್ಟೊತ್ತಿನ ಕೆಲಸ?”

ನೀರಿನ ಹುಡುಗ ಒಳ್ಳೆಯವನು. ನಮಗಿಂತ ಮುಂಚೆ ನೀರು ಬಿಡುವ ಬಡಾವಣೆಯಲ್ಲಿ ಇರುವಾಗಲೇ ನನಗೆ ಫೋನ್ ಮಾಡಲು ಒಪ್ಪಿದ. ನಾನು ಒಂದು ಗುಂಡಿ ಒತ್ತಿದರೆ ಎಲ್ಲರ ಫೋನಿಗೂ ‘ಇನ್ನೊಂದು ಗಂಟೆಯಲ್ಲಿ ನೀರು’ ಎಂದು ನೋಟಿಫಿಕೇಶನ್ ಹೋಗಬೇಕು. ಇಷ್ಟೇ ಏರ್ಪಾಡು.

ಇದರಿಂದ ನಿಜವಾಗಿ ಬದುಕು ಬದಲಾಗಬೇಕಿದ್ದದ್ದು ಒಬ್ಬರಿಗೆ. ಮೂರನೇ ಕ್ರಾಸಿನ ಗಿರಿಜಕ್ಕ. ಒಂಟಿ ಮನೆ, ಎಪ್ಪತ್ತರ ಆಸುಪಾಸು. ಅವರ ತಂಗಿ ಶಾರದಾ ಕೆಂಗೇರಿ ಉಪನಗರದಲ್ಲಿ; ಮೂತ್ರಪಿಂಡ ಕೈಕೊಟ್ಟು ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ನಮಗೆ ನೀರು ಬರುವುದು ಮಂಗಳವಾರ, ಗುರುವಾರ, ಶನಿವಾರ, ಯಾವ ಹೊತ್ತಿಗಾದರೂ. ಆ ದಿನಗಳಲ್ಲಿ ಗಿರಿಜಕ್ಕ ಹೊಸ್ತಿಲು ದಾಟುವಂತಿಲ್ಲ. ಉಳಿದದ್ದು ಭಾನುವಾರ, ಅವತ್ತು ತಂಗಿ ಮನೆ ತುಂಬ ನೋಡಲು ಬಂದ ನೆಂಟರು.

“ನಾನು ತುಂಬಿಸ್ತೀನಿ, ನೀವು ಹೋಗ್ಬನ್ನಿ ಅಕ್ಕ,” ಎಂದಿದ್ದೆ.

“ಒಂದಿನ ತುಂಬಿಸ್ತೀಯ, ಎರಡು ದಿನ ತುಂಬಿಸ್ತೀಯ. ಮೂರನೇ ದಿನ ನಿನ್ನ ಗಂಡನೇ ಬೈತಾರೆ. ಬೇಡಮ್ಮ. ಒಂದು ಗಂಟೆ ಮುಂಚೆ ಗೊತ್ತಾದ್ರೆ ಸಾಕು, ಮೆಟ್ರೋ ಹತ್ತಿ ಬಂದ್ಬಿಡ್ತೀನಿ.”

ಕೆಲಸಕ್ಕೆ ಕೂತೆ. ನಮ್ಮ ಆ್ಯಪ್ ಒಂದೇ ಸಲ ಬರೆದು ಎರಡೂ ಬಗೆಯ ಫೋನುಗಳಲ್ಲಿ ಓಡಿಸುವಂಥದ್ದು. ಗುಂಡಿ, ಬಣ್ಣ, ಪಟ್ಟಿಗಳ ಮಟ್ಟಿಗೆ ಈ ಮಾತು ಸತ್ಯ. ನೋಟಿಫಿಕೇಶನ್ ಎಂದಕೂಡಲೇ ಎರಡೂ ಕಡೆಯವರು ಬೀಗರಂತೆ ಮುಖ ತಿರುಗಿಸಿ ಕೂತರು. ಇವರಿಗೊಂದು ಕೀಲಿ, ಅವರಿಗೊಂದು ಸರ್ಟಿಫಿಕೇಟು. ಇವರಿಗೆ ಸಲ್ಲಿಸಿದ ಮರ್ಯಾದೆ ಅವರಿಗೆ ಸಾಲದು. ಹಗಲು ಕಂಪನಿಯ ಕೆಲಸ, ಉಳಿದ ಹೊತ್ತು ಈ ಬೀಗರ ಉಪಚಾರ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೂ ಆಯಿತು, ಹಾಕದೇ ಇದ್ದದ್ದೂ ಆಯಿತು.

ಕೊನೆಗೊಂದು ಮಂಗಳವಾರ ಲೋಕಾರ್ಪಣೆ. ಹುಡುಗ ಫೋನ್ ಮಾಡಿದ, ನಾನು ಗುಂಡಿ ಒತ್ತಿದೆ. ನನ್ನ ಫೋನು ಟಣ್ ಎಂದಿತು. ನನ್ನ ಗಂಡನ ಫೋನೂ ಟಣ್ ಎಂದಿತು. ಅಷ್ಟೇ. ನೀರು ಬಂತು, ಹೋಯಿತು. ಬಡಾವಣೆ ಮೌನವಾಗಿತ್ತು.

ಮೂರು ದಿನ ಪ್ರೋಗ್ರಾಮಿನ ಸಾಲು ಸಾಲನ್ನೂ ಜಾಲಾಡಿದೆ. ಎಲ್ಲ ಸರಿಯಾಗಿತ್ತು. ಕೈಗೆ ಸಿಗದ ತಪ್ಪಿನಷ್ಟು ಸುಸ್ತು ಮಾಡುವುದು ಬೇರೆ ಇಲ್ಲ. ಸೋತು ಗಿರಿಜಕ್ಕನ ಮನೆಗೆ ಹೋಗಿ ಅವರ ಫೋನು ಕೇಳಿದೆ. ಸೆರಗಿನಲ್ಲಿ ಒರೆಸಿ ಕೊಟ್ಟರು.

“ಆ್ಯಪ್ ತೆಗೆದಾಗ ಏನಾದ್ರೂ ಕೇಳ್ತಾ ಅಕ್ಕ?”

“ಕೇಳ್ತು. ಸೂಚನೆ ಕಳಿಸ್ಲಾ, ಅನುಮತಿ ಕೊಡ್ತೀರಾ ಅಂತ. ಬೇಡ ಅಂತ ಒತ್ತಿದೆ. ಇನ್ನೊಂದ್ಸಲ ಕೇಳ್ತು. ಆಗ್ಲೂ ಬೇಡ ಅಂದೆ. ಆಮೇಲೆ ತೆಪ್ಪಗಾಯ್ತು.”

“ಯಾಕೆ ಬೇಡ ಅಂದ್ರಿ?”

ಅವರು ನನ್ನನ್ನೇ ಆಶ್ಚರ್ಯದಿಂದ ನೋಡಿದರು. “ನೀನೇ ಅಲ್ವೇನಮ್ಮ ಹೇಳಿದ್ದು? ಗಣೇಶನ ಪೆಂಡಾಲಲ್ಲಿ, ಮೈಕ್ ಹಿಡ್ಕೊಂಡು. ಫೋನು ಏನೇ ಕೇಳ್ಲಿ, ಬೇಡ ಅಂತ ಒತ್ತಿ. ಎರಡು ಸಲ ಕೇಳಿದ್ರೆ ಎರಡು ಸಲ ಒತ್ತಿ ಅಂತ.”

ಹೇಳಿದ್ದೆ. ನಮ್ಮ ಬಡಾವಣೆಯ ಒಬ್ಬರು ಮೋಸದ ಕರೆಗೆ ಸಿಕ್ಕಿಬಿದ್ದ ಮೇಲೆ ಸಂಘದ ಪರವಾಗಿ ಉಪನ್ಯಾಸ ಕೊಟ್ಟಿದ್ದೆ. ಹಿಂದಿನ ಸಾಲಿನವರು ಪ್ರಸಾದದ ಪಾತ್ರೆಯನ್ನೇ ನೋಡುತ್ತಿದ್ದರು, ಯಾರೂ ಕೇಳಿಸಿಕೊಂಡಿಲ್ಲ ಎಂದೇ ನಂಬಿದ್ದೆ. ಇಡೀ ಬಡಾವಣೆ ಅಕ್ಷರಶಃ ಪಾಲಿಸಿತ್ತು. ನನ್ನ ಮಾತನ್ನು ಇಷ್ಟು ಜನ ಒಟ್ಟಿಗೆ ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಎರಡು ಸಲ ಬೇಡ ಎಂದರೆ ಫೋನು ಮೂರನೇ ಸಲ ಕೇಳುವುದಿಲ್ಲ, ಅದಕ್ಕೂ ಮಾನವಿದೆ. ಸೆಟ್ಟಿಂಗ್ಸಿಗೆ ಹೋಗಿ ನಾವೇ ತೆರೆಯಬೇಕು. ಹೀಗೆ ಆಧುನಿಕ ತಂತ್ರಜ್ಞಾನವನ್ನು ಸ್ಥಾಪಿಸಲು ನಾನು ಚಪ್ಪಲಿ ಮೆಟ್ಟಿ ಮನೆಮನೆಗೆ ಹೊರಟೆ. ಹೋದಲ್ಲೆಲ್ಲ ಕಾಫಿ. ಒಬ್ಬಾಕೆ ಗ್ರಿಲ್ಲಿನ ಒಳಗಿಂದಲೇ, “ಫೋನ್ ಕೊಡಲ್ಲ ಆಂಟಿ, ನೀವೇ ಬೇಡ ಅಂದಿದೀರಿ,” ಎಂದಳು. ರುದ್ರಪ್ಪನವರಂತೂ ಕನ್ನಡಕ ಏರಿಸಿ, “ಅವತ್ತು ಮೈಕಲ್ಲಿ ಬೇಡ ಅಂದ್ರಿ, ಇವತ್ತು ಬೇಕು ಅಂತೀರಿ. ಯಾವ್ದಾದ್ರೂ ಒಂದನ್ನ ಬರವಣಿಗೇಲಿ ಕೊಡಿ,” ಎಂದರು. ಕೊಟ್ಟೆ. ಸಹಿ ಹಾಕಿಸಿಕೊಂಡರು.

ಮುಂದಿನ ಗುರುವಾರ ಗಿರಿಜಕ್ಕ ಬೆಳಿಗ್ಗೆಯೇ ಇಸ್ತ್ರಿ ಸೀರೆ ಉಟ್ಟು, ಡಬ್ಬಿಯಲ್ಲಿ ಏನೋ ಹಿಡಿದು ನನ್ನ ಗೇಟಿನ ಮುಂದೆ ನಿಂತರು. “ಹೋಗ್ಬರ್ತೀನಿ ಕಣಮ್ಮ. ನಿನ್ನ ಟಣ್ ನಂಬ್ಕೊಂಡು ಹೋಗ್ತಾ ಇದೀನಿ.”

ಹನ್ನೊಂದರ ಸುಮಾರಿಗೆ ಹುಡುಗನ ಫೋನ್. ಗುಂಡಿ ಒತ್ತಿದೆ. ಈ ಸಲ ರಸ್ತೆಯ ಕಿಟಕಿಗಳಿಂದ ಒಂದಾದ ಮೇಲೊಂದು ಟಣ್ ಕೇಳಿಸಿತು. ಒಂದು ಗಂಟೆಯ ನಂತರ ನೀರೂ ಬಂತು. ಮೂರನೇ ಕ್ರಾಸಿಗೆ ಹೋಗಿ ನೋಡಿದರೆ ಎಲ್ಲ ಗೇಟುಗಳಲ್ಲೂ ಪೈಪು; ಗಿರಿಜಕ್ಕನ ಗೇಟಿಗೆ ಮಾತ್ರ ಬೀಗ.

ಸಂದೇಶ ತಲುಪಿದೆ ಎಂದೇ ಕಂಪ್ಯೂಟರು ಹೇಳುತ್ತಿತ್ತು. ಅದರ ಮಾತು ಯಾರಿಗೆ ಬೇಕು? ನನ್ನನ್ನು ನಂಬಿ ಹೋದವರು ಖಾಲಿ ಡ್ರಮ್ಮಿಗೆ ಬಂದರೆ ಇನ್ನು ಎಲ್ಲಿಗೂ ಹೊರಡುವುದಿಲ್ಲ. ಮನೆಯಿಂದ ಪೈಪು ತಂದೆ. ಪುಣ್ಯಕ್ಕೆ ನಲ್ಲಿ ಗೇಟಿನ ಹೊರಗೇ ಇತ್ತು. ಕಾಂಪೌಂಡಿನ ಮೇಲಿಂದ ಪೈಪು ಇಳಿಬಿಟ್ಟು, ನೆತ್ತಿ ಸುಡುವ ಬಿಸಿಲಿನಲ್ಲಿ ನಿಂತು, ನನ್ನ ಪ್ರೋಗ್ರಾಮಿಗೂ ಎರಡೂ ಕಡೆಯ ಬೀಗರಿಗೂ ಶಾಪ ಹಾಕುತ್ತ ಡ್ರಮ್ಮು ತುಂಬಿದೆ.

ಗಿರಿಜಕ್ಕ ಬಂದದ್ದು ಸಂಜೆ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

“ಬಂದಿತ್ತಮ್ಮ,” ಎಂದರು. “ಚೆನ್ನಾಗೇ ಟಣ್ ಅಂತು. ನೋಡಿದೆ. ಶಾರದಾ ಆಗ ತಾನೇ ಮಾತು ಶುರು ಮಾಡಿದ್ಲು. ನಾವು ಚಿಕ್ಕೋರಿದ್ದಾಗ ಲಂಗಕ್ಕೆ ಜಗಳ ಆಡಿದ್ದು, ಅಮ್ಮನ ಹತ್ರ ಒದೆ ತಿಂದದ್ದು. ನಗ್ತಾ ಇದ್ಲು. ನೀರು ಶನಿವಾರವೂ ಬರುತ್ತೆ ಅಂತ ಫೋನು ಮಗುಚಿ ಇಟ್ಟೆ.”

ತುಂಬಿದ ಡ್ರಮ್ಮನ್ನು ಬಗ್ಗಿ ನೋಡಿದರು. ಆಮೇಲೆ, “ನಿನ್ನ ಟಣ್ ಮೇಲೆ ನಿನಗೇ ನಂಬಿಕೆ ಇಲ್ಲ ನೋಡು,” ಎಂದು ಒಳಗೆ ಹೋಗಿ ತಟ್ಟೆಯಲ್ಲಿ ಎರಡು ಕೋಡುಬಳೆ ಇಟ್ಟು ತಂದರು.

ಒಂದು ತಿಂಗಳು ನಾನು ಬೀಗರನ್ನು ಸಂಭಾಳಿಸಿದ್ದು ಅವರು ಓಡಿ ಬರಲಿ ಎಂದು. ಅವರಿಗೆ ಬೇಕಿದ್ದದ್ದು ಬೇರೆ. ನೀರು ಬಂದಿದೆಯೋ ಇಲ್ಲವೋ ಎಂಬ ಗುಮಾನಿ ಇದ್ದಷ್ಟು ದಿನ ಮನೆ ಅವರನ್ನು ಹಿಡಿದಿಟ್ಟಿತ್ತು. ಬಂದಿದೆ ಎಂದು ಖಾತ್ರಿಯಾದ ಮೇಲೆ, ಬಿಟ್ಟುಬಿಡುವುದು ಸುಲಭವಾಯಿತು.

ಅಲ್ಲಿಂದ ಮುಂದೆ ನೀರಿನ ದಿನವೆಲ್ಲ ಅವರು ಕೆಂಗೇರಿಗೆ ಹೋದರು, ನಾನು ಡ್ರಮ್ಮು ತುಂಬಿದೆ. ಅವರು ತುಂಬು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಎರಡು ಬಗೆಯ ಫೋನುಗಳಿಗಾಗಿ ಅಷ್ಟು ಹೆಣಗಿ ಮಾಡಿದ ನೋಟಿಫಿಕೇಶನ್ ಕೇಳಿ ತಪ್ಪದೆ ಪೈಪು ಹಿಡಿದು ಓಡುತ್ತಿದ್ದ ಗ್ರಾಹಕಿ ನಾನೊಬ್ಬಳೇ.

ಮಳೆ ಹಿಡಿಯುವ ಹೊತ್ತಿಗೆ ಶಾರದಾ ತೀರಿಕೊಂಡರು.

ಟಣ್ ಈಗಲೂ ಹೋಗುತ್ತದೆ, ಯಾರೂ ದೂರುವುದಿಲ್ಲ. ಆದರೆ ನಾನು ಗುಂಡಿ ಒತ್ತಿ ಮೂರನೇ ಕ್ರಾಸಿನ ಕಡೆ ಕಣ್ಣು ಹಾಯಿಸಿದರೆ, ನೀರು ಬರಲು ಇನ್ನೂ ಒಂದು ಗಂಟೆ ಇರುವಾಗಲೇ ಗಿರಿಜಕ್ಕ ಪೈಪು ಸಿಕ್ಕಿಸಿಕೊಂಡು ಗೇಟಿನ ಬಳಿ ನಿಂತಿರುತ್ತಾರೆ. ಒಂದು ದಿನವಾದರೂ ಆ ಗೇಟಿಗೆ ಬೀಗ ಕಾಣಲಿ, ಬಿಸಿಲಿನಲ್ಲಿ ಬೈದುಕೊಳ್ಳುತ್ತ ನಾನೇ ಮತ್ತೆ ಆ ಡ್ರಮ್ಮು ತುಂಬುವಂತಾಗಲಿ ಎಂದು ಪ್ರತಿ ಸಲವೂ ಅನ್ನಿಸುತ್ತದೆ.